ಅಕೇಶಿಯಾ ಕೀಳಲು ಕೊಟ್ಟ ಅರ್ಜಿ

ತೊಂಬತ್ತರ ದಶಕದಲ್ಲಿ ಅರಣ್ಯ ಇಲಾಖೆಯವರು ನಾವು ಗೊಬ್ಬರಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟದ ಪಕ್ಕದ ಗುಡ್ಡಕ್ಕೆಲ್ಲ ಅಕೇಶಿಯಾ ನೆಟ್ಟರು. ಅದರ ಬೀಜ ಬಿದ್ದು ನಮ್ಮ ಬೆಟ್ಟದಲ್ಲೂ ಸಸಿ ಎದ್ದವು. ಆ ಎಲೆಯನ್ನು ಕೊಟ್ಟಿಗೆಗೆ ಹಾಸಿದರೆ ವರ್ಷವಾದರೂ ಕೊಳೆತು ಗೊಬ್ಬರವಾಗುವುದಿಲ್ಲ. ಆದರೆ ಬೆಟ್ಟದ ಸೊಪ್ಪಷ್ಟೇ ನಮ್ಮದು, ನೆಲ ಸರ್ಕಾರದ್ದು. ನಾಲ್ಕಕ್ಷರ ಕಲಿತ ನಾನು ಸಿದ್ದಾಪುರದ ಅರಣ್ಯ ಕಚೇರಿಗೆ ಹೋಗಿ, ಸಸಿ ಕೀಳಲು ಅನುಮತಿ ಕೇಳಿ ಅರ್ಜಿ ಕೊಟ್ಟು ಬಂದೆ.

"ಮೊಣಕಾಲೆತ್ತರದ ಗಿಡಕ್ಕೆ ಅರ್ಜಿ ಎಂತಕ್ಕೆ? ಕಿತ್ತು ಒಗಿ," ಎಂದರು ಅಪ್ಪ. ಕಾನೂನು ಗೊತ್ತಿಲ್ಲದವರೆಂದು ನಾನು ನಕ್ಕೆ.

ಕಚೇರಿಗೆ ಅಲೆದು ಚಪ್ಪಲಿ ಸವೆಯಿತು. ಒಮ್ಮೆ ಸಾಹೇಬರು ಮೀಟಿಂಗಿನಲ್ಲಿ, ಇನ್ನೊಮ್ಮೆ ಫೈಲು ಶಿರಸಿಯಲ್ಲಿ. ಮೂರು ಮಳೆಗಾಲ ಕಳೆದ ಮೇಲೆ ಫಾರೆಸ್ಟ್ ಗಾರ್ಡ್ ಟೇಪು ಹಿಡಿದು ಬಂದ. ಒಂದೊಂದು ಅಕೇಶಿಯಾದ ಸುತ್ತಳತೆ ತೆಗೆದು, ತೊಗಟೆ ಕೆತ್ತಿ ನಂಬರು ಬರೆದ.

"ನೀವು ಅರ್ಜಿ ಕೊಟ್ಟಿದ್ದು ಗಿಡ ಕೀಳೂಕೆ. ಇದು ಮರ ಆಯ್ತಲ್ರೀ. ಮರಕ್ಕೆ ಬೇರೆ ಅರ್ಜಿ ಬೇಕು."

ಮರಗಳ ಬುಡದಲ್ಲಿ ಆಗಲೇ ಹೊಸ ಸಸಿಗಳು ಎದ್ದಿದ್ದವು. ಅವನ್ನು ತೋರಿಸಿ, ಇವಕ್ಕೂ ಈಗಲೇ ಅರ್ಜಿ ಬರೆದುಕೊಡಲೇ ಎಂದು ಕೇಳಿದೆ.

ಗಾರ್ಡ್ ಟೇಪು ಸುತ್ತುತ್ತ ಹೇಳಿದ: "ಅಷ್ಟು ಸಣ್ಣದಕ್ಕೆ ಯಾರು ಅರ್ಜಿ ಕೊಡ್ತಾರ್ರೀ? ಕಿತ್ತು ಒಗೀರಿ."