ಹಳದಿ ಅಕ್ಕಿಯ ಆಟ

ನನ್ನ ಮಗಳಿಗೆ ಮೂರೂವರೆ ವರ್ಷ ಆಗುವವರೆಗೆ ಅಪ್ಪ ಅಂದರೆ ಒಂದು ಮುಚ್ಚಿದ ಬಾಗಿಲು. ದೇವನಹಳ್ಳಿ ಕಡೆ ವಿಮಾನದ ಸರಕು ಇಳಿಸಿ ಏರಿಸುವಲ್ಲಿ ನನಗೆ ರಾತ್ರಿ ಪಾಳಿ. ಬೆಳಿಗ್ಗೆ ದೊಡ್ಡಬಳ್ಳಾಪುರ ತಾಲ್ಲೂಕಿನ ಮಧುರೆ ಹತ್ತಿರದ ನಮ್ಮೂರಿಗೆ ಬಂದು ಮಲಗಿಬಿಡುತ್ತಿದ್ದೆ. ಅಷ್ಟು ಹೊತ್ತಿಗೆ ಹೆಂಡತಿ ಗಾರ್ಮೆಂಟ್ಸ್ ವ್ಯಾನು ಹತ್ತಿ ಹೋಗಿರುತ್ತಿದ್ದಳು. ಇಡೀ ಹಗಲು ಮಗು ನನ್ನ ಅಮ್ಮನದು. ಮಗು ಜೋರಾಗಿ ನಕ್ಕರೆ ಅಮ್ಮ "ಶ್, ಅಪ್ಪ ಮಲಗವ್ರೆ" ಅನ್ನುತ್ತಿದ್ದಳು. ನಗು ನಿಲ್ಲಿಸಬೇಕಾದಾಗ ಹೇಳುವ ಮಾತೇ ಅಪ್ಪ ಎಂದು ಮಗಳು ತಿಳಿದಿದ್ದರೆ ಅದು ಅವಳ ತಪ್ಪಲ್ಲ.

ಹೋದ ಚಳಿಗಾಲದಲ್ಲಿ ಹಸು ಬೆದರಿ ಹಗ್ಗ ಎಳೆದು, ಅಮ್ಮ ಕೊಟ್ಟಿಗೆಯಲ್ಲಿ ಬಿದ್ದಳು. ಬಲಗೈ ಮಣಿಕಟ್ಟು ಮುರಿಯಿತು. ದೊಡ್ಡಬಳ್ಳಾಪುರಕ್ಕೆ ಕರೆದುಕೊಂಡು ಹೋದೆ. ಡಾಕ್ಟರು ಬೆರಳ ಬುಡದಿಂದ ಮೊಳಕೈವರೆಗೆ ಪ್ಲಾಸ್ಟರ್ ಹಾಕಿ, ಕೈ ಆಡಿಸಬೇಡಿ ಅಂದರು. ಬಾಯಿ ಆಡಿಸುವ ಬಗ್ಗೆ ಏನೂ ಹೇಳಲಿಲ್ಲ. ಹೆಂಡತಿಗೆ ಫ್ಯಾಕ್ಟರಿಯಲ್ಲಿ ರಜೆ ಸಿಗುವ ಹಾಗಿರಲಿಲ್ಲ, ನಾನು ಹಾಕಿದೆ. ಹಾಲು ಕರೆಯುವುದು ನನಗೆ ಬರುತ್ತಿತ್ತು. ಹಸು ಮೊದಲ ದಿನ ಒದೆಯಿತು, ಆಮೇಲೆ ಒಪ್ಪಿತು. ಮಗಳು ಒಪ್ಪಲಿಲ್ಲ.

ಅವಳು ಹಗಲು ಹೊತ್ತು ಅಜ್ಜಿಯ ಕೈತುತ್ತು ಬಿಟ್ಟು ಬೇರೆ ಉಂಡವಳಲ್ಲ. ಅಜ್ಜಿಯ ತೊಡೆ, ಅಜ್ಜಿಯ ತಟ್ಟೆ, ಅಜ್ಜಿಯ ಬಲಗೈ. ಆ ಬಲಗೈ ಈಗ ಕುತ್ತಿಗೆಗೆ ನೇತುಬಿದ್ದಿತ್ತು. ಅಮ್ಮ ಎಡಗೈಯಲ್ಲಿ ಚಮಚ ಹಿಡಿದು ನೋಡಿದಳು. ಮಗಳು ಚಮಚವನ್ನು ನೋಡಿ, ಅದು ಯಾವ ಕೈಯಲ್ಲಿದೆ ಎಂದು ನೋಡಿ, "ಅದು ಕುಂಡಿ ತೊಳೆಯೋ ಕೈ" ಅಂದಳು. ಹಾಗೆಂದು ಕಲಿಸಿದವಳು ಅಮ್ಮನೇ ಆದ್ದರಿಂದ ಅಮ್ಮ ಚಮಚ ಕೆಳಗಿಟ್ಟಳು. ನಾನು ಕೈ ತೊಳೆದು, ಅನ್ನ ಸಾರು ಕಲಸಿ, ತುತ್ತು ಮಾಡಿ ಹಿಡಿದೆ. ಅವಳು ತುಟಿ ಬಿಗಿಹಿಡಿದು ಗೋಡೆ ಕಡೆ ತಿರುಗಿದಳು.

ರಾತ್ರಿ ಅವಳಮ್ಮ ಬಂದ ಮೇಲೆ ಅರೆನಿದ್ದೆಯಲ್ಲಿ ನಾಲ್ಕು ತುತ್ತು ಹೋಗುತ್ತಿತ್ತು. ಹಗಲೆಲ್ಲ ಬಿಸ್ಕತ್ತು, ಹಾಲು. ಕೆಲವೇ ದಿನಕ್ಕೆ ಗಲ್ಲ ಇಳಿದು, ಚಡ್ಡಿ ಸೊಂಟದಲ್ಲಿ ನಿಲ್ಲದೆ ಪಿನ್ನು ಹಾಕಬೇಕಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ಅದನ್ನು ನಾನು ದಿನಾ ಮಧ್ಯಾಹ್ನ ಕೂತು ನೋಡುತ್ತಿದ್ದೆ. ಅಷ್ಟು ಭಾರದ ಪೆಟ್ಟಿಗೆಗಳನ್ನು ಎತ್ತುವ ಕೈಗೆ ಒಂದು ತುತ್ತು ಎತ್ತಿ ಇಡಲಾಗುತ್ತಿರಲಿಲ್ಲ. ಅವಳು ನನ್ನ ಕೈಯಿಂದ ಒಂದು ತುತ್ತು ತಿಂದರೆ ಸಾಕಿತ್ತು, ಬೇರೇನೂ ಬೇಕಿರಲಿಲ್ಲ.

ಅಂಗನವಾಡಿಗೆ ಕಳಿಸಿದರೆ ಅಲ್ಲಾದರೂ ಉಣ್ಣುತ್ತಾಳೆ ಅಂದುಕೊಂಡೆ. ಆಗ ತಿಳಿದದ್ದು, ಇಷ್ಟು ದಿನ ಅಂಗನವಾಡಿಗೆ ಹೋಗುತ್ತಿದ್ದದ್ದು ಅಜ್ಜಿ ಮೊಮ್ಮಗಳು ಇಬ್ಬರೂ ಎಂದು. ಅಜ್ಜಿ ಕೂತರೆ ಅವಳು ಕೂರುತ್ತಾಳೆ, ಅಜ್ಜಿ ಎದ್ದರೆ ಏಳುತ್ತಾಳೆ. ಅಮ್ಮನಿಗೆ ಅಲ್ಲಿನ ಪದ್ಯಗಳೆಲ್ಲ ಬಾಯಿಪಾಠವಾಗಿದ್ದವು. ಈಗ ಅಮ್ಮ ಹೋಗುವ ಹಾಗಿರಲಿಲ್ಲವಾದ್ದರಿಂದ ಇಬ್ಬರೂ ಗೈರುಹಾಜರಾದರು.

ದಾರಿ ತೋರಿಸಿದವಳು ಹೆಂಡತಿ. ಅವಳ ಪಕ್ಕದ ಮೆಷಿನ್ನಿನವಳು ಹೇಳಿದಳಂತೆ, ಮಕ್ಕಳು ತಮ್ಮ ಜೊತೆ ಆಡಿದವರ ಕೈಲಿ ಉಣ್ಣುತ್ತಾರೆ, ಆಡಿಸುವುದು ಹೇಗೆ ಅಂತ ಫೋನಿನಲ್ಲಿ ಬೇಕಾದಷ್ಟು ಬರುತ್ತದೆ ಎಂದು. ಊಟದ ಬಿಡುವಿನಲ್ಲಿ ಹೆಂಡತಿ ಒಂದಾದ ಮೇಲೊಂದು ವಿಡಿಯೋ ಕಳಿಸತೊಡಗಿದಳು. ಜೊತೆಗೆ ಒಂದು ಎಚ್ಚರಿಕೆ, ಮಗುವಿಗೆ ಫೋನು ತೋರಿಸಬಾರದು. ಹೀಗಾಗಿ ಮಗು ಫೋನು ನೋಡದಿರಲಿ ಎಂದು ನಾನು ದಿನವಿಡೀ ಫೋನು ನೋಡುವುದು ಶುರುವಾಯಿತು.

ವಿಡಿಯೋಗಳಲ್ಲಿ ಎಲ್ಲ ಮನೆಗಳೂ ಬೆಳ್ಳಗಿದ್ದವು. ತಾಯಂದಿರು ಒಂದು ತಟ್ಟೆಯನ್ನು ತಂದು ಇಡುತ್ತಿದ್ದರು, ಮಗು ಬಂದು ಕೂರುತ್ತಿತ್ತು, ಮುಗಿದ ಮೇಲೆ ಎಲ್ಲ ತೆಗೆದಿಡುತ್ತಿತ್ತು. ಒಂದು ಕೋಳಿ ಇಲ್ಲ, ಒಂದು ನೊಣ ಇಲ್ಲ. ಯಾವ ವಿಡಿಯೋದಲ್ಲೂ ಜಗಲಿಯ ಮೇಲೆ ಕೂತು ನೋಡುವ ಅಜ್ಜಿಯೂ ಇರಲಿಲ್ಲ. ನಮ್ಮ ಮನೆಯಲ್ಲಿ ಇದ್ದಳು.

ಮೊದಲ ದಿನ ಇಡ್ಲಿ ತಟ್ಟೆಯ ಗುಳಿಗಳಲ್ಲಿ ಕಾಳು ಬೇರೆ ಮಾಡುವ ಆಟ. ಹುರುಳಿ, ಅಲಸಂದೆ, ತೊಗರಿ ಬೆರೆಸಿ ಕೊಟ್ಟೆ. ಇದರಿಂದ ಬೆರಳುಗಳಿಗೆ ಚುರುಕು ಬರುತ್ತದೆ ಎಂದು ಅಮ್ಮನಿಗೆ ವಿವರಿಸಿದೆ. ಅಮ್ಮ, ಬೇರೆ ಬೇರೆ ಡಬ್ಬದಲ್ಲಿ ಚೆನ್ನಾಗಿದ್ದ ಕಾಳನ್ನು ಒಂದು ಮಾಡಿ ಮತ್ತೆ ಬೇರೆ ಮಾಡಿಸುವುದಕ್ಕೆ ಏನಂತಾರೆ ಎಂದು ಕೇಳಿದಳು. ಆಟ ಅಂತಾರೆ ಅಂದೆ. ಮಗಳು ನೀಟಾಗಿ ಆರಿಸಿ, ತಟ್ಟೆ ಎತ್ತಿಕೊಂಡು ಹೋಗಿ ಅಜ್ಜಿಗೆ ಕೊಟ್ಟಳು. ಮಧ್ಯಾಹ್ನ ನನ್ನ ತುತ್ತಿಗೆ ಬಾಯಿ ತೆರೆಯಲಿಲ್ಲ.

ಮಾರನೆಯ ದಿನ ಲೋಟದಿಂದ ಲೋಟಕ್ಕೆ ನೀರು ಸುರಿಯುವ ಆಟ. ನಮ್ಮ ಬೀದಿಗೆ ನಲ್ಲಿ ನೀರು ಬರುವುದು ದಿನ ಬಿಟ್ಟು ದಿನ. ಅಮ್ಮ ನೀರಿನ ಕಡೆಯೇ ನೋಡುತ್ತಿದ್ದಳು. ಮಗಳು ಅಜ್ಜಿಯ ಮುಖ ನೋಡಿ, ಎರಡೂ ಲೋಟ ಒಯ್ದು ಹಸುವಿನ ತೊಟ್ಟಿಗೆ ಸುರಿದು ಬಂದಳು.

ಆಮೇಲೆ ರಟ್ಟಿನ ಪೆಟ್ಟಿಗೆಗಳನ್ನು ಜೋಡಿಸಿ ಸುರಂಗ ಮಾಡಿದೆ. ಮಗು ತೆವಳಿಕೊಂಡು ಈ ಕಡೆಯಿಂದ ಆ ಕಡೆಗೆ ಬರಬೇಕು. ಹೇಗೆಂದು ತೋರಿಸಲು ನಾನೇ ತೆವಳಿ ನಡುವೆ ಸಿಕ್ಕಿಕೊಂಡೆ. ನಾನು ಹೊರಬಂದ ಮೇಲೆ ಕೆಂದು ಹೇಟೆಯೊಂದು ಒಳಹೋಗಿ ಮೊಟ್ಟೆಗೆ ಕೂತಿತು. ಮಗಳು ಒಂದು ಗಂಟೆ ಹೊತ್ತು ಪೆಟ್ಟಿಗೆಯ ಬಾಯಲ್ಲಿ ಕುಕ್ಕರುಗಾಲಲ್ಲಿ ಕೂತು ಕಾದಳು. ಅವಳು ಅಷ್ಟು ಹೊತ್ತು ಒಂದೇ ಕಡೆ ಕೂತದ್ದು ಅದೇ ಮೊದಲು, ಆದರೆ ಜೊತೆಗೆ ಆಡಿದ್ದು ಕೋಳಿ. ಸಂಜೆ ಹೆಂಡತಿ ಫೋಟೋ ಕೇಳಿದಾಗ ಮೊಟ್ಟೆಯ ಫೋಟೋ ಕಳಿಸಿದೆ.

"ಊರಿಗೆ ಬಂದೋಳು ನೀರಿಗೆ ಬರಲ್ವೇನೋ. ಬತ್ತಾಳೆ ಬಿಡು," ಅಂದಳು ಅಮ್ಮ. ನನಗೆ ಸಮಾಧಾನ ಹೇಳುವಾಗ ಅವಳ ಕಣ್ಣು ಮಗುವಿನ ಸೊಂಟದ ಪಿನ್ನಿನ ಮೇಲಿತ್ತು. ತಾನು ಬಿದ್ದದ್ದರಿಂದ ಮಗು ಬಾಡುತ್ತಿದೆ ಎಂದು ಅವಳು ಒಳಗೊಳಗೇ ಕೊರಗುತ್ತಿದ್ದಳು. ರಜೆಯೂ ಮುಗಿಯುತ್ತಾ ಬಂದಿತ್ತು.

ಆಗ ಸಿಕ್ಕಿದ್ದು ಬಣ್ಣದ ಅಕ್ಕಿ. ಅಕ್ಕಿಗೆ ಬಣ್ಣ ಹಾಕಿ ಒಣಗಿಸಿ ಅಗಲವಾದ ತಟ್ಟೆಯಲ್ಲಿ ಹರಡಿ ಕೊಡಬೇಕು, ಮಗು ಚಮಚದಲ್ಲಿ ತೋಡುತ್ತದೆ, ಬೆರಳಲ್ಲಿ ಚಿತ್ರ ಬರೆಯುತ್ತದೆ, ಮನಸ್ಸು ಶಾಂತವಾಗುತ್ತದೆ ಎಂದು ಆ ಬಿಳಿ ಮನೆಯಾಕೆ ಹೇಳಿದಳು. ಅವಳು ಸೀಸೆಯಿಂದ ಏನೋ ಬಣ್ಣ ಹಾಕಿದಳು. ಅದು ನಮ್ಮಲ್ಲಿ ಇರಲಿಲ್ಲ. ಮಗು ಬಾಯಿಗೆ ಹಾಕಿಕೊಂಡರೂ ತೊಂದರೆ ಇರಬಾರದಲ್ಲ ಎಂದು ಬಹಳ ಯೋಚನೆ ಮಾಡಿ ನಾನು ಅರಿಶಿನ ತೆಗೆದುಕೊಂಡೆ. ಸೊಸೈಟಿ ಅಕ್ಕಿ ಒಂದು ಸೇರು, ಅರಿಶಿನ ಎರಡು ಚಮಚ, ಬಣ್ಣ ಹಿಡಿಯಲಿ ಎಂದು ಒಂದು ತೊಟ್ಟು ತುಪ್ಪ. ಕಲಸಿ ಮೊರದಲ್ಲಿ ಬಿಸಿಲಿಗಿಟ್ಟೆ. ನನ್ನ ಸ್ವಂತ ಮದುವೆಯಲ್ಲಿ ಅರ್ಧ ಊರು ಇದನ್ನೇ ನನ್ನ ತಲೆಯ ಮೇಲೆ ಎಸೆದಿತ್ತು. ಆದರೂ ನನಗೆ ಹೊಳೆಯಲಿಲ್ಲ. ಫೋನಿನಲ್ಲಿ ಕಲಿತದ್ದು ಫೋನಿನದೇ ಅನ್ನಿಸುತ್ತದೆ.

ಅಮ್ಮ ಜಗಲಿಯಲ್ಲಿ ಗೋಡೆಗೆ ಒರಗಿ ತೂಕಡಿಸುತ್ತಿದ್ದಳು. ನಾನು ಅಂಗಳದಲ್ಲಿ ತಟ್ಟೆ ಇಟ್ಟು, ಅಕ್ಕಿ ಹರಡಿ, ಚಮಚ ಇಟ್ಟು, ವಿಡಿಯೋದವಳಂತೆ ಸ್ವಲ್ಪ ದೂರ ಹೋಗಿ ಕೂತೆ. ಮಗಳು ಬಂದು ನೋಡಿದಳು. ಚಮಚವನ್ನು ಪಕ್ಕಕ್ಕೆ ಎತ್ತಿಟ್ಟಳು. ಅಮ್ಮ ಬೀಳುವ ಮುಂಚೆ ನಮ್ಮ ಅಣ್ಣತಮ್ಮಂದಿರ ಮನೆಯ ಮದುವೆಯಲ್ಲಿ ಅಜ್ಜಿಯ ಜೊತೆ ಮುಂದಿನ ಸಾಲಿನಲ್ಲಿ ಕೂತಿದ್ದವಳು ಅವಳು. ಎರಡೂ ಮುಷ್ಟಿ ತುಂಬಿಕೊಂಡು ಎದ್ದು ನಿಂತು, ಪುರೋಹಿತರ ಗಂಟಲಿನಲ್ಲಿ "ಗಟ್ಟಿಮೇಳ, ಗಟ್ಟಿಮೇಳ" ಎಂದು ಕೂಗಿ, ಹಸುವಿನ ಮೇಲೆ ಎಸೆದಳು. ಹಸುವಾದ ಮೇಲೆ ಕೆಂದು ಹೇಟೆ. ಹೇಟೆಯಾದ ಮೇಲೆ ನಾನು. ಆಮೇಲೆ ಜಗಲಿ ಹತ್ತಿ ಅಜ್ಜಿಯ ತಲೆಗೆ. ಅಮ್ಮ ನಿದ್ದೆಗಣ್ಣಲ್ಲೇ ಪ್ಲಾಸ್ಟರಿನ ಕೈ ಎತ್ತಿ "ನೂರ್ಕಾಲ ಚೆನ್ನಾಗಿ ಬಾಳಿ" ಅಂದಳು. ಆಮೇಲೆ ಎಚ್ಚರವಾಯಿತು.

ಅಂಗಳ ಪೂರ್ತಿ ಹಳದಿಯಾಗಿತ್ತು. ಇದೇನು ಎಂದು ಅಮ್ಮ ಕೇಳಿದಳು. ಮನಸ್ಸು ಶಾಂತವಾಗುವ ಆಟ ಅಂದೆ. ಅಮ್ಮ ಒಂದು ಕಾಳು ಎತ್ತಿ ಮೂಸಿ ನೋಡಿದಳು. ತುಪ್ಪ ಬೇರೆ ಹಾಕಿದ್ದೀಯ, ಇನ್ನು ಉಳಿದದ್ದು ಮಂತ್ರ ಒಂದೇ ಅಂದಳು. ಅಕ್ಷತೆ ಕಾಲಿಗೆ ಸಿಗಬಾರದು, ಒಂದು ಕಾಳೂ ಬಿಡದೆ ಎತ್ತು ಎಂದಳು. ಛತ್ರದಲ್ಲಿ ಎಲ್ಲರೂ ಅದರ ಮೇಲೇ ಓಡಾಡುತ್ತಾರಲ್ಲ ಎಂದು ನಾನು ವಾದ ಹೂಡಿದೆ.

"ಛತ್ರದಲ್ಲಿ ತುಳುದ್ರೆ ಛತ್ರದೋರ್ಗೆ," ಅಂದಳು. "ಮನೇಲಿ ತುಳುದ್ರೆ ನಮ್ಗೆ."

ಇದಕ್ಕೆ ಫೋನಿನಲ್ಲಿ ಉತ್ತರ ಹುಡುಕಲು ಹೋಗಲಿಲ್ಲ. ಕುಕ್ಕರುಗಾಲಲ್ಲಿ ಕೂತು ಎತ್ತತೊಡಗಿದೆ. ಒಂದು ಕಡೆಯಿಂದ ನಾನು, ಇನ್ನೊಂದು ಕಡೆಯಿಂದ ಕೋಳಿಗಳು. ಅವು ನನಗಿಂತ ಬೇಗ ಮುಗಿಸುತ್ತಿದ್ದವು, ಅಮ್ಮನಿಗೆ ಅವುಗಳ ಮೇಲೆ ಆಕ್ಷೇಪವೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಮಗಳು ಬಂದು ನನ್ನ ಎದುರಿಗೇ ಕೂತಳು. ಒಂದು ಕಾಳು ಎತ್ತಿ ನನ್ನ ಅಂಗೈಯಲ್ಲಿ ಇಟ್ಟಳು. ಇನ್ನೊಂದು ಇಟ್ಟಳು. ನಾನು ಅಲ್ಲಾಡಲಿಲ್ಲ. ಜೇಬಿನಲ್ಲಿ ಫೋನು ಎರಡು ಸಲ ನಡುಗಿತು, ಹೆಂಡತಿ ಇನ್ನೊಂದು ಆಟ ಕಳಿಸಿರಬೇಕು. ಮೊಣಕಾಲು ಜೋಮು ಹಿಡಿದರೂ ಅಂಗೈ ಹಾಗೇ ಚಾಚಿಕೊಂಡಿದ್ದೆ. ಅಂಗಳ ಮುಗಿಯದಿರಲಿ ಎಂದೂ ಅನ್ನಿಸಿತು.

ಕೊನೆಗೆ ಅಂಗಳ ಮುಗಿಯಿತು. ಮಗಳು ಎದ್ದು ಕೈ ಕೊಡವಿ, "ಮದ್ವೆ ಆಯ್ತು. ಊಟ," ಅಂದಳು.

ಮದುವೆ ಆದ ಮೇಲೆ ಪಂಕ್ತಿ ಬೇಕೇ ಬೇಕು. ಬಚ್ಚಲ ಹಿಂದಿನ ಬಾಳೆಯಿಂದ ಎಲೆ ಕೊಯ್ದು ತಂದೆ. ಅವಳು ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಎಲೆಯ ಮೇಲೆ ನೀರು ಚಿಮುಕಿಸಿ ಒರೆಸಿಕೊಂಡಳು. ನಾನು ಟವೆಲ್ಲು ಸೊಂಟಕ್ಕೆ ಸುತ್ತಿಕೊಂಡು ಬಡಿಸುವವನಾದೆ. ಉಪ್ಪು ಎಲ್ಲಿ ಎಂದು ಅವಳೇ ಕೇಳಿದಳು. ಉಪ್ಪು ಬಡಿಸಿದೆ. ಪಾಯಸದ ಜಾಗಕ್ಕೆ ಒಂದು ಚೂರು ಬೆಲ್ಲ, ಆಮೇಲೆ ಅನ್ನ, ಅವರೆಕಾಳು ಸಾರು. ಇನ್ನಷ್ಟು ಬಡಿಸಲು ಹೋದಾಗ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ಸಾಕು ಸಾಕು ಅಂದಳು, ಥೇಟ್ ದೊಡ್ಡವರ ಹಾಗೆ. ತಾನೇ ಕಲಸಿ ಎರಡು ಅಗುಳು ಬಾಯಿಗೆ, ಉಳಿದದ್ದು ಮಂಡಿಗೆ. ಆಮೇಲೆ ಎಲೆ ಮಡಚಿದಳು. ಹೊಟ್ಟೆಗೆ ಹೋದದ್ದು ಕೋಳಿ ತಿಂದ ಅಕ್ಕಿಗಿಂತ ಕಡಿಮೆ. ನನ್ನ ಮುಖ ಇಳಿದುಹೋಯಿತು. ಎಲೆ ಎತ್ತಲು ಬಗ್ಗಿದೆ.

"ಬಡ್ಸೋರು ಕೂತ್ಕೋಬೇಕು," ಅಂದಳು. "ಕಡೇ ಪಂಕ್ತಿ."

ನಮ್ಮ ಕಡೆ ಮದುವೆಗಳಲ್ಲಿ ಬಂದವರೆಲ್ಲ ಉಂಡ ಮೇಲೆ ಬಡಿಸಿದವರು, ಮನೆಯವರು ಕಡೇ ಪಂಕ್ತಿಗೆ ಕೂರುತ್ತಾರೆ. ಅಮ್ಮ ಯಾವ ಮದುವೆಗೆ ಹೋದರೂ, ಅದು ಎಷ್ಟೇ ದೂರದ ನೆಂಟರದಾದರೂ, ಕಡೇ ಪಂಕ್ತಿಗೇ ಕಾಯುವವಳು. ಮೊಮ್ಮಗಳು ಮೊದಲ ಪಂಕ್ತಿಯಲ್ಲಿ ಆಟಕ್ಕೆ ಕೂತು ಎದ್ದು, ನಿಜವಾದ ಊಟವನ್ನು ಕಡೇ ಪಂಕ್ತಿಯಲ್ಲಿ ಅಜ್ಜಿಯ ತೊಡೆಯ ಮೇಲೆ ಮಾಡುತ್ತಿದ್ದಳು. ಇದು ನನಗೆ ಗೊತ್ತಿರಲಿಲ್ಲ, ಅಮ್ಮ ಆಮೇಲೆ ಹೇಳಿದ್ದು. ಆಗ ನಾನು ಸುಮ್ಮನೆ ಹೇಳಿದ ಕಡೆ ಕೂತು, ನನ್ನ ಎಲೆಗೆ ನಾನೇ ಅನ್ನ ಸಾರು ಹಾಕಿಕೊಂಡು ಕಲಸಿದೆ.

ಮಗಳು ಜಗಲಿಯ ಕಡೆ ನೋಡಿದಳು. ಕಡೇ ಪಂಕ್ತಿಗೆ ಅಜ್ಜಿ ಬರಬೇಕಿತ್ತು. ಅಮ್ಮ ಏಳಲಿಲ್ಲ. ಪ್ಲಾಸ್ಟರಿನ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬೀದಿಯ ಕಡೆ ಮುಖ ತಿರುಗಿಸಿದಳು. ಮೂರೂವರೆ ವರ್ಷ ತನ್ನ ತೊಡೆಯ ಮೇಲೆ ಇದ್ದ ಮಗುವಿಗೆ ತೊಡೆ ಇಲ್ಲವೆನ್ನುವುದು ಅವಳಿಗೆ ಹೇಗಿತ್ತೋ, ನಾನು ಕೇಳಲಿಲ್ಲ. ಮಗಳು ಬಂದು, ನನ್ನ ಎಡತೊಡೆಯ ಮೇಲೆ ಕೂತು, ಎಲೆಯನ್ನು ಒಮ್ಮೆ ನೋಡಿ, ಮುಖ ಮೇಲೆತ್ತಿ ಬಾಯಿ ತೆರೆದಳು.

ಬಲಗೈಯಲ್ಲಿ ತುತ್ತು ಇತ್ತು. ನನ್ನ ಎಡಗೈ ತಾನಾಗಿಯೇ ಜೇಬಿನ ಫೋನಿನ ಕಡೆ ಹೋಯಿತು, ಹೆಂಡತಿಗೆ ಫೋಟೋ ಕಳಿಸೋಣ ಎಂದು. ಅಮ್ಮ ಬೀದಿ ನೋಡುತ್ತಿದ್ದವಳು ತಿರುಗದೆಯೇ ಹೇಳಿದಳು.

"ಬಾಯಿ ತಕ್ಕೊಂಡ್ ಕೂತದೆ ಮಗ. ಮೊದ್ಲು ಇಡೋ."

ಇಟ್ಟೆ.