ಪೂರ್ವಕ್ಕೊಂದು ಹಾರ್ನು, ಪಶ್ಚಿಮಕ್ಕೊಂದು ಹಾರ್ನು

ಕಾರಿನ ಮುಂದಿನ ಎರಡು ಬಾಗಿಲುಗಳಿಗೆ ಹೊಸ ಸ್ಪೀಕರ್ ಹಾಕಿಸಿದ ಮರುದಿನ, ಚಿಕ್ಕಬಳ್ಳಾಪುರದಿಂದ ಗೌರಿಬಿದನೂರಿನ ನನ್ನ ಶಾಲೆಗೆ ಹೊರಟವಳು ಮಂಚೇನಹಳ್ಳಿ ಮುಟ್ಟುವಷ್ಟರಲ್ಲಿ ಮೂರು ಸಲ ಕಾರು ನಿಲ್ಲಿಸಿದ್ದೆ. ಹಾಡಿನಲ್ಲಿ ಪಿಟೀಲು ಇತ್ತು, ತಾಳ ಇತ್ತು. ತಬಲಾ ಯಾರೋ ರಟ್ಟಿನ ಡಬ್ಬ ಬಡಿದ ಹಾಗೆ ಕೇಳುತ್ತಿತ್ತು. ಹಾಡುವವರಂತೂ ಇರಲೇ ಇಲ್ಲ. ಇದ್ದರೂ ಎಲ್ಲೋ ಹಾಳುಬಾವಿಯ ತಳದಲ್ಲಿ ಕೂತು, ನನಗೆ ಬೆನ್ನು ಮಾಡಿಕೊಂಡು ಹಾಡುತ್ತಿದ್ದರು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಮನೆಯಲ್ಲಿ ಹಾಗೆನ್ನುತ್ತಾರೆ, ಶಾಲೆಯಲ್ಲಿ ಮಕ್ಕಳು ಅದಕ್ಕಿಂತ ಕೆಟ್ಟದಾಗಿ ಏನೋ ಅನ್ನುತ್ತಾರೆ. ಎರಡೂ ಸರಿಯೇ. ಆದರೆ ಆ ಒಂದು ಗಂಟೆಯ ದಾರಿ ಬಿಟ್ಟರೆ ದಿನದಲ್ಲಿ ನನ್ನದು ಅಂತ ಬೇರೆ ಹೊತ್ತಿಲ್ಲ. ಹಳೆಯ ಸ್ಪೀಕರುಗಳು ಕಾಗದ ಹರಿದು ದುಂಬಿಯ ಹಾಗೆ ಗುಯ್‌ಗುಡುತ್ತಿದ್ದವು. ಎರಡು ವರ್ಷ ತಾಳಿಕೊಂಡು, ಕೊನೆಗೆ ಒಳ್ಳೆಯದನ್ನೇ ತರಿಸಿ ಹಾಕಿಸಿದರೆ ಈ ಗತಿ.

ಹಾಕಿದವರು ನನ್ನ ಸೋದರಮಾವ, ಅಮ್ಮನ ಕೊನೆಯ ತಮ್ಮ. ಪೆರೇಸಂದ್ರದ ಹತ್ತಿರದ ಹಳ್ಳಿಯಲ್ಲಿ ಅವರಿಗೆ ಹಿಪ್ಪುನೇರಳೆ ತೋಟವಿದೆ, ಊಟಕ್ಕೆ ಕೊರತೆಯಿಲ್ಲ. ಆದರೆ ಅವರನ್ನು ಸುತ್ತಲಿನ ಊರುಗಳು ಗುರುತಿಸಿದ್ದು ಮೈಕ್ ಸೆಟ್ಟಿನವರು ಎಂದೇ. ನಾಲ್ಕು ಅಲ್ಯೂಮಿನಿಯಂ ಹಾರ್ನು, ಒಂದು ಆಂಪ್ಲಿಫೈಯರು, ಎರಡು ಮೈಕು. ಮದುವೆಯಿರಲಿ, ಗೃಹಪ್ರವೇಶವಿರಲಿ, ಮಾವ ಬಿದಿರ ಗಳದ ತುದಿಗೆ ಹಾರ್ನು ಕಟ್ಟಿದರೆ ಮೂರು ಊರಿಗೆ ಗೊತ್ತಾಗುತ್ತಿತ್ತು. ನನ್ನ ಮದುವೆಯಲ್ಲಿ ಸೋದರಮಾವನಾಗಿ ಹಸೆಗೆ ಕರೆತಂದವರೂ ಅವರೇ, ಅಷ್ಟರಲ್ಲಿ ಮೈಕು ಕೀರಲಿಟ್ಟಿತೆಂದು ನನ್ನ ಕೈಬಿಟ್ಟು ಓಡಿದವರೂ ಅವರೇ.

ಈಗ ಮದುವೆಗಳಿಗೆ ದೊಡ್ಡ ದೊಡ್ಡ ಬಾಕ್ಸುಗಳು ಬರುತ್ತವೆ. ಮಾವನಿಗೆ ಉಳಿದದ್ದು ಅವರೂರಿನ ಆಂಜನೇಯನ ಗುಡಿಯ ಶ್ರಾವಣ ಶನಿವಾರದ ಭಜನೆ ಒಂದೇ. ವರ್ಷಕ್ಕೆ ನಾಲ್ಕೋ ಐದೋ ದಿನ. ಅದಕ್ಕಾಗಿ ಉಳಿದ ದಿನವೆಲ್ಲ ಆ ಹಾರ್ನುಗಳನ್ನು ಒರೆಸಿ, ಹಳೆ ಪಂಚೆ ಸುತ್ತಿ, ಪಡಸಾಲೆಯ ಅಟ್ಟದ ಮೇಲೆ ಇಡುತ್ತಿದ್ದರು. ಗುಡಿಯವರು ಕರೆಯುವವರೆಗೆ ಅವರಿಗೆ ಜೀವದಲ್ಲಿ ಜೀವ ಇರುತ್ತಿರಲಿಲ್ಲ.

ನಾನು ಅಂಗಡಿಯಲ್ಲಿ ಸ್ಪೀಕರ್ ಹಾಕಿಸುತ್ತೇನೆಂದು ಯಾರ ಬಾಯಿಂದಲೋ ತಿಳಿದು, ಬೆಳಗಿನ ಬಸ್ಸಿಗೇ ಸ್ಕ್ರೂಡ್ರೈವರಿನ ಚೀಲ ಹಿಡಿದು ಬಂದುಬಿಟ್ಟಿದ್ದರು.

"ಮನೇಲಿ ನಾನಿದೀನಿ. ಅಂಗಡಿಗೆ ಹೋಗ್ತೀಯಾ ತಾಯಿ?"

ಆ ಮುಖ ನೋಡಿ ಬೇಡ ಎನ್ನುವ ಧೈರ್ಯ ಯಾರಿಗೆ ಬರುತ್ತದೆ? ಇಡೀ ದಿನ ಮಣೆ ಹಾಕಿಕೊಂಡು ಕಾರಿನ ಪಕ್ಕ ಕೂತು, ಬಾಗಿಲು ಬಿಚ್ಚಿ, ವೈರು ಕತ್ತರಿಸಿ, ಸುಲಿದು, ಹೊಸೆದು, ಟೇಪು ಸುತ್ತಿದರು. ಆಷಾಢದಲ್ಲಿ ಹೊಸ ಸಾಮಾನು ಕೂರಿಸುತ್ತಿದ್ದೇವೆ, ದೃಷ್ಟಿಯಾಗಬಾರದು ಎಂದು ನನ್ನಿಂದ ಅರಿಶಿನ ಹಚ್ಚಿದ ದಾರ ತರಿಸಿ ಒಂದೊಂದು ಗಂಟಿಗೂ ಕಟ್ಟಿದರು. ಕೊನೆಗೆ ಹಾಡು ಹಾಕಿ, ಬಾಗಿಲ ಮೇಲೆ ಅಂಗೈಯಿಟ್ಟು ಕಣ್ಣು ಮುಚ್ಚಿ, "ಕಂಚಿನ ಗಂಟೆ ಇದ್ದಂಗದೆ" ಎಂದರು. ನಾನು ಒಲೆಯ ಮೇಲೆ ಹಾಲಿಟ್ಟು ಬಂದಿದ್ದವಳು, ಸರಿಯಾಗಿ ಕೇಳಿಸಿಕೊಳ್ಳದೆ ಹೂಂಗುಟ್ಟಿ ಒಳಗೆ ಹೋದೆ.

ಅಲ್ಲಿಂದ ಹತ್ತು ದಿನ ನಾನು ಪಟ್ಟ ಪಾಡು ನನಗೇ ಗೊತ್ತು. ಕಾರಿನ ಸೆಟ್ಟಿನಲ್ಲಿ ಇದ್ದಬದ್ದ ಗುಂಡಿಗಳನ್ನೆಲ್ಲ ತಿರುಗಿಸಿದೆ. ಬೇಸ್ ಏರಿಸಿದರೆ ಬಾಗಿಲು ಗಡಗಡ ಎಂದಿತೇ ಹೊರತು ಗುಮ್ಮೆನ್ನಲಿಲ್ಲ. ಬಾಗಿಲೊಳಗಿನ ಪ್ಲಾಸ್ಟಿಕ್ ಹಾಳೆ ಕಿತ್ತಿದೆಯೇನೋ ಎಂದು ಅಂಟಿಸಿದೆ. ಸ್ಪೀಕರಿನ ಸುತ್ತ ಸಂದಿಯಿದೆಯೇನೋ ಎಂದು ಸ್ಪಂಜು ತುರುಕಿದೆ. ಮೊಬೈಲ್ ಬಿಟ್ಟು ಪೆನ್‌ಡ್ರೈವ್ ಹಾಕಿದೆ, ಅದನ್ನು ಬಿಟ್ಟು ರೇಡಿಯೋ ಹಾಕಿದೆ. ರೇಡಿಯೋದಲ್ಲಿ ವಾರ್ತೆ ಓದುವವರೂ ಬಾವಿಗೆ ಬಿದ್ದಿದ್ದರು. ಚಿಕ್ಕಬಳ್ಳಾಪುರದ ಅಂಗಡಿಯೊಂದರಲ್ಲಿ ಕಾರು ಕೂಡ ನೋಡದೆ, ಸೆಟ್ಟನ್ನೇ ಬದಲಾಯಿಸಿ ಮೇಡಂ ಎಂದರು. ಒಂದು ವಿಚಿತ್ರ ಮಾತ್ರ ಗಮನಕ್ಕೆ ಬಂದಿತ್ತು. ಸದ್ದನ್ನು ಪೂರ್ತಿ ಎಡಗಡೆ ಸ್ಪೀಕರಿಗೆ ತಿರುಗಿಸಿದರೆ ದನಿ ಸ್ಪಷ್ಟ, ಪೂರ್ತಿ ಬಲಗಡೆಯದಕ್ಕೆ ತಿರುಗಿಸಿದರೂ ಸ್ಪಷ್ಟ. ಎರಡೂ ಕೂಡಿದರೆ ದನಿ ಸಾಯುತ್ತಿತ್ತು.

ಮಾವನಿಗೆ ಮೂರು ಸಲ ಫೋನು ಮಾಡಿದೆ. ಮೂರು ಸಲವೂ ಎತ್ತಿದ್ದು ಅವರ ಹೆಂಡತಿ, ನನ್ನ ಅತ್ತೆ. ನಾನು ಹೇಳಿದ್ದನ್ನು ಅವರು ಆ ಕಡೆ ಕೂಗಿ ಹೇಳುವುದು, ಮಾವನ ಉತ್ತರವನ್ನು ಈ ಕಡೆ ನನಗೆ ಹೇಳುವುದು.

"ಹೊಸದಂತೆ ಕಣಮ್ಮ, ಪಳಗ್ಬೇಕಂತೆ. ಇನ್ನೊಂದು ವಾರ ಓಡಿಸ್ಬೇಕಂತೆ."

ಪಳಗುವುದಕ್ಕೆ ಅದೇನು ಎತ್ತೇ, ಎಂದು ಫೋನಿಟ್ಟ ಮೇಲೆ ಗೊಣಗಿದೆ.

ಹತ್ತನೆಯ ದಿನ, ಶನಿವಾರ. ತರಗತಿಯಲ್ಲಿ ಅಲೆಗಳ ಪಾಠ. ಹೌದು, ನಾನು ವಿಜ್ಞಾನದ ಟೀಚರು, ನಗುವವರು ನಗಬಹುದು. ಇಬ್ಬರು ಹುಡುಗಿಯರ ಕೈಗೆ ಹಗ್ಗದ ಎರಡು ತುದಿ ಕೊಟ್ಟು, ನಡುವೆ ಕೆಂಪು ರಿಬ್ಬನ್ ಕಟ್ಟಿ, ವರ್ಷವರ್ಷವೂ ಮಾಡಿಸುವ ಆಟ ಅದು. ಇಬ್ಬರೂ ಒಟ್ಟಿಗೆ ಮೇಲಕ್ಕೆ ಜಾಡಿಸಿದರೆ ರಿಬ್ಬನ್ ಎರಡರಷ್ಟು ಹಾರುತ್ತದೆ. ಒಬ್ಬಳು ಮೇಲಕ್ಕೆ, ಒಬ್ಬಳು ಕೆಳಕ್ಕೆ ಜಾಡಿಸಿದರೆ ಹಗ್ಗವೆಲ್ಲ ಕುಣಿದರೂ ರಿಬ್ಬನ್ ಇದ್ದಲ್ಲೇ ನಿಲ್ಲುತ್ತದೆ. ನಿಂತ ಆ ರಿಬ್ಬನ್ ನೋಡುತ್ತ ನನಗೆ ಕಾರು ನೆನಪಾಯಿತು. ಹಾಡುವವರ ದನಿ ಎರಡೂ ಸ್ಪೀಕರಿನಲ್ಲಿ ಸಮಸಮವಾಗಿ ಬರುತ್ತದೆ. ಒಂದರ ವೈರು ತಿರುಗುಮುರುಗಾಗಿದ್ದರೆ ಒಂದು ಗಾಳಿಯನ್ನು ತಳ್ಳುವಾಗ ಇನ್ನೊಂದು ಎಳೆಯುತ್ತದೆ. ನಡುವಿನಲ್ಲಿದ್ದವರಿಗೆ ಏನೂ ಉಳಿಯುವುದಿಲ್ಲ.

ಕಾರಣ ಸಿಕ್ಕಿತಲ್ಲ ಎಂದು ಸುಮ್ಮನೆ ಮನೆಗೆ ಹೋಗಿ ನಾನೇ ಎರಡು ವೈರು ತಿರುಗಿಸಬಹುದಿತ್ತು. ಆದರೆ ಹತ್ತು ದಿನದ ಸಿಟ್ಟು ಬಿಡಲಿಲ್ಲ. ಶಾಲೆ ಬಿಟ್ಟವಳೇ ನೇರ ಮಾವನ ಊರಿಗೆ ಹೋದೆ.

ಮಾವ ಗುಡಿಯ ಮುಂದಿನ ಅರಳಿಕಟ್ಟೆಯ ಮೇಲೆ ಭಜನೆ ಮಂಡಳಿಯವರ ನಡುವೆ ಕೂತಿದ್ದರು. ಶ್ರಾವಣದ ಮಾತು ನಡೆದಿತ್ತು. ನನ್ನನ್ನು ಕಂಡು ಅರಳಿದ ಆ ಮುಖ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. "ನಮ್ಮಕ್ಕನ ಮಗಳು, ಇವಳ ಕಾರಿಗೇ ನಾನು ಸೆಟ್ ಮಾಡಿದ್ದು" ಎಂದು ಎಲ್ಲರಿಗೂ ಹೇಳಿದರು.

"ಒಂದು ಸ್ಪೀಕರಿಗೆ ವೈರು ಉಲ್ಟಾ ಹಾಕಿದೀರ ಮಾವ" ಎಂದೆ. ಚೆನ್ನಾಗಿದೀರಾ ಎಂದು ಕೇಳಲಿಲ್ಲ.

ಅವರು ನನ್ನ ತುಟಿಯನ್ನೇ ನೋಡಿದರು. "ಏನು ತಾಯಿ?"

ಇನ್ನೂ ಜೋರಾಗಿ, ಹಿಂದಿನ ಬೆಂಚಿಗೆ ಕೇಳಿಸುವ ದನಿಯಲ್ಲಿ ಹೇಳಿದೆ.

"ಅದಾ?" ಎಂದು ನಕ್ಕರು. "ಹಾರ್ನಿಗೆ ಯಾವ ವೈರು ಯಾವುದಕ್ಕೆ ಹಾಕಿದ್ರೂ ಕೂಗ್ತದೆ ಕಣಮ್ಮ. ಒಂದು ಪೂರ್ವಕ್ಕೆ ಮಕ ಮಾಡಿರ್ತದೆ, ಒಂದು ಪಶ್ಚಿಮಕ್ಕೆ. ಇದರ ಕೂಗು ಆ ಬೀದಿಗೆ ಹೋಗಲ್ಲ, ಅದರ ಕೂಗು ಈ ಬೀದಿಗೆ ಬರಲ್ಲ. ಮೊದಲಿಂದ ಹಂಗೇ ಮಾಡಿದೀನಿ, ಯಾರೂ ಏನೂ ಅಂದಿಲ್ಲ."

ಅವರ ಮಾತು ಸತ್ಯವೇ. ಹಾರ್ನಿನ ಕೆಲಸಕ್ಕೆ ಅದು ಸಾಕಿತ್ತು. ಒಂದು ಜನ್ಮವಿಡೀ ಸರಿಯಾಗಿದ್ದ ಅಭ್ಯಾಸವೇ ನನ್ನ ಕಾರಿನಲ್ಲಿ ತಪ್ಪಾಗಿತ್ತು ಅಷ್ಟೆ. ಅದನ್ನು ಆಗ ತಿಳಿದುಕೊಳ್ಳುವ ತಾಳ್ಮೆ ನನಗಿರಲಿಲ್ಲ.

"ಕಾರಲ್ಲಿ ಎರಡೂ ನನ್ನ ಕಡೆಗೇ ಮುಖ ಮಾಡಿರ್ತವೆ ಮಾವ" ಎಂದು ಅವರ ಕೈ ಹಿಡಿದು ಕಾರಿನ ಹತ್ತಿರ ಕರೆತಂದೆ. ಮಂಡಳಿಯವರೂ ಹಿಂದೆಯೇ ಬಂದರು. ಬಾಗಿಲು ತೆರೆದು, ಮಾವನನ್ನು ಸೀಟಿನಲ್ಲಿ ಕೂರಿಸಿ ಹಾಡು ಹಾಕಿದೆ. ಬರಿಯ ಎಡಗಡೆಯದು. ಆಮೇಲೆ ಎರಡೂ. ಮತ್ತೆ ಎಡಗಡೆಯದು, ಮತ್ತೆ ಎರಡೂ. ಹೊರಗಿನಿಂದ ತಲೆ ತೂರಿಸಿ ನಿಂತಿದ್ದ ಪಡ್ಡೆ ಹುಡುಗರಿಗೂ ವ್ಯತ್ಯಾಸ ತಿಳಿದು ಮುಖ ಮುಖ ನೋಡಿಕೊಂಡರು.

ಮಾವ ಬಾಗಿಲ ಮೇಲೆ ಅಂಗೈಯಿಟ್ಟು ಕೂತಿದ್ದರು. "ಎರಡೂ ಒಂದೇ ಥರ ಅದೆಯಲ್ಲಮ್ಮ."

"ಇಷ್ಟೂ ಕೇಳಿಸಲ್ವಾ ನಿಮಗೆ? ಕಿವಿ ಕೇಳದೆ ಮೈಕ್ ಸೆಟ್ ಹೆಂಗೆ ನಡೆಸ್ತೀರ ಮಾವ?"

ಕಿವಿ ಕೇಳಲ್ವಾ ಎಂದು ನಾನು ತರಗತಿಯಲ್ಲಿ ದಿನಕ್ಕೆ ಹತ್ತು ಸಲ ಗದರುತ್ತೇನೆ. ಅದು ಬೈಗುಳ, ಅದಕ್ಕೆ ಅರ್ಥವೇನೂ ಇರುವುದಿಲ್ಲ. ಆದರೆ ಅದು ಬಾಯಿಂದ ಹೊರಬಿದ್ದ ಕೂಡಲೇ ಮಾವನ ಮುಖ ಇಳಿದ ರೀತಿ ನೋಡಿದೆ. ಅವಮಾನವಾದವರ ಮುಖವಲ್ಲ ಅದು, ಸಿಕ್ಕಿಬಿದ್ದವರ ಮುಖ. ಅತ್ತೆಯೇ ಎತ್ತುವ ಫೋನು, ತುಟಿಯನ್ನೇ ನೋಡುವ ಕಣ್ಣು, ಬಾಗಿಲ ಮೇಲಿನ ಅಂಗೈ, ಎಲ್ಲವೂ ಒಂದೇ ಸಲ ತಲೆಗೆ ಹೊಳೆದವು. ವರ್ಷಗಟ್ಟಲೆ ಹಾರ್ನಿನ ಬಾಯಿಯ ಕೆಳಗೇ ನಿಂತ ಕಿವಿಗಳು. ಎಂದೋ ಹೋಗಿದ್ದವು. ಅವರು ಬಚ್ಚಿಟ್ಟುಕೊಂಡಿದ್ದರು.

"ಪೋನೀಲೆ, ಬಿಡಮ್ಮ" ಎಂದು ಮಂಡಳಿಯ ಹಿರಿಯರೊಬ್ಬರು ತೆಲುಗು ಬೆರೆಸಿ ಸಮಾಧಾನ ಹೇಳಿದರು. ಹುಡುಗರಲ್ಲಿ ಒಬ್ಬ ನಕ್ಕ. ಮಾವ ಜೇಬಿನಿಂದ ಸಣ್ಣ ಸ್ಕ್ರೂಡ್ರೈವರ್ ತೆಗೆದು, "ತಾ, ಈಗಲೇ ತಿರುಗಿಸಿ ಕೊಡ್ತೀನಿ" ಎಂದರು. ಸೀಟಿನಿಂದ ಇಳಿದು ಎಲ್ಲರ ಮುಂದೆ ಬಾಗಿಲ ಪಕ್ಕ ಕುಕ್ಕರಗಾಲಲ್ಲಿ ಕೂತರು. ಅದನ್ನು ನೋಡಲಾಗದೆ, ಬೇಡ ಮಾವ, ಚಿಂತಾಮಣಿಯಲ್ಲಿ ಗುರುತಿನ ಅಂಗಡಿಯವರಿದ್ದಾರೆ, ಅಲ್ಲೇ ಮಾಡಿಸುತ್ತೇನೆ ಎಂದುಬಿಟ್ಟೆ. ಅದು ಎರಡನೆಯ ಏಟು. ಆ ಕ್ಷಣ ವೈರು ತಿರುಗಿಸಲು ಬಿಟ್ಟಿದ್ದರೆ ಅಷ್ಟಾದರೂ ಮರ್ಯಾದೆ ಉಳಿಯುತ್ತಿತ್ತೋ ಏನೋ.

ಮರುದಿನ, ಆಡಿದ ಸುಳ್ಳನ್ನು ನಿಜ ಮಾಡಲಿಕ್ಕೋ ಎಂಬಂತೆ, ಶಿಡ್ಲಘಟ್ಟದ ಮೇಲೆ ಚಿಂತಾಮಣಿಗೆ ಹೋದೆ. ಅಂಗಡಿಯವರು ಟಾರ್ಚಿನ ಸೆಲ್ಲೊಂದನ್ನು ಎರಡೂ ಸ್ಪೀಕರಿನ ವೈರಿಗೆ ತಾಗಿಸಿ, ಒಂದು ಹೊರಕ್ಕೆ ಉಬ್ಬಿದರೆ ಇನ್ನೊಂದು ಒಳಕ್ಕೆ ಜಗ್ಗಿದ್ದನ್ನು ತೋರಿಸಿ, ಎರಡೂ ಬಾಗಿಲಿನ ಗಂಟುಗಳನ್ನು ಕತ್ತರಿಸಿ ಹೊಸದಾಗಿ ಸೇರಿಸಿದರು. ಅರ್ಧ ಗಂಟೆಯೂ ಹಿಡಿಯಲಿಲ್ಲ. ದನಿ ಬಂತು. ಎದುರಿಗೆ ಚಾಪೆ ಹಾಕಿ ಕೂತು ಹಾಡಿದಷ್ಟು ಸ್ಪಷ್ಟ. ನನಗೆ ಅಳು ಬಂತು, ಅಂಗಡಿಯವರು ಅದನ್ನು ಸಂತೋಷ ಎಂದುಕೊಂಡರು. ಕತ್ತರಿಸಿದ ತುಂಡುಗಳನ್ನು ಒಂದು ಕವರಿಗೆ ಹಾಕಿ ಡ್ಯಾಶ್‌ಬೋರ್ಡಿನ ಖಾನೆಯಲ್ಲಿಟ್ಟರು.

"ಪೂಜೆ ದಾರ ಕಟ್ಟಿದೀರ ಮೇಡಂ. ಎಸೆಯಕ್ಕೆ ಮನಸ್ಸು ಬರ್ಲಿಲ್ಲ."

ಗುರುವಾರ ಅತ್ತೆಯ ಫೋನು ಬಂತು. ಈ ಸಲದ ಭಜನೆಗೆ ಚಿಕ್ಕಬಳ್ಳಾಪುರದಿಂದ ಬಾಕ್ಸು ತರಿಸುತ್ತಿದ್ದಾರೆ, ಮಾವ ಎರಡು ದಿನದಿಂದ ಅಟ್ಟದ ಕೆಳಗೇ ಮಲಗಿದ್ದಾರೆ, ಊಟ ಸೇರುತ್ತಿಲ್ಲ ಎಂದರು. ನಾನು ಮಂಡಳಿಯ ಅಧ್ಯಕ್ಷರಿಗೆ ಫೋನು ಮಾಡಿ ಬೇಡಿಕೊಂಡೆ. ಅವರು ಒಳ್ಳೆಯವರು, ಸಮಾಧಾನದಿಂದಲೇ ಹೇಳಿದರು.

"ನೀವೇ ಅಂದ್ರಲ್ಲ ಮೇಡಂ, ಕಿವಿ ಕೇಳದೆ ಹೆಂಗೆ ನಡೆಸ್ತಾರೆ ಅಂತ. ನಮಗೂ ಎರಡು ವರ್ಷದಿಂದ ಗೊತ್ತಿತ್ತು. ಹಿರೀರು, ಬಾಯಿಬಿಟ್ಟು ಹೇಳೋದು ಹೆಂಗೆ ಅಂತ ಸುಮ್ಮನಿದ್ವಿ. ಈಗ ಹುಡುಗರು ಒಪ್ತಾ ಇಲ್ಲ."

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇಡೀ ಊರು ಎರಡು ವರ್ಷ ಮುಚ್ಚಿಟ್ಟ ಗುಟ್ಟನ್ನು ಸ್ವಂತ ಅಕ್ಕನ ಮಗಳು ಗುಡಿಯ ಮುಂದೆ ನಿಂತು ಒಡೆದಳು. ಅದೂ ಎರಡು ವೈರಿಗಾಗಿ.

ಶ್ರಾವಣದ ಮೊದಲ ಶನಿವಾರ ಮಧ್ಯಾಹ್ನ ಮಾವನ ಊರಿಗೆ ಹೋದೆ. ಗುಡಿಯ ಮುಂದೆ ಆಗಲೇ ಕಪ್ಪು ಬಾಕ್ಸುಗಳನ್ನು ಇಳಿಸುತ್ತಿದ್ದರು. ಮಾವ ಬಿಳಿ ಪಂಚೆ ಉಟ್ಟು ಬಾಗಿಲಲ್ಲೇ ಕಾಯುತ್ತಿದ್ದರು. "ಚಿಕ್ಕಬಳ್ಳಾಪುರದಲ್ಲಿ ಒಸಿ ಕೆಲಸ ಅದೆ ತಾಯಿ, ಹೋಗಣ ನಡಿ" ಎಂದರು. ಏನೂ ಕೆಲಸವಿರಲಿಲ್ಲ. ಊರಿನಲ್ಲಿ ಇರಲಾಗದೆ ಹೊರಟಿದ್ದರು.

ಹೆದ್ದಾರಿಗೆ ಬಂದ ಮೇಲೆ ಕನ್ನಡಕ ಇಡಲೆಂದು ಖಾನೆ ತೆರೆದರು. ಕವರು ಕೈಗೆ ಸಿಕ್ಕಿತು. ಬಿಚ್ಚಿ ನೋಡಿ, ಅರಿಶಿನದ ದಾರ ಕಟ್ಟಿದ ಆ ನಾಲ್ಕು ಗಂಟುಗಳನ್ನು ಅಂಗೈಯಲ್ಲಿ ಸಾಲಾಗಿ ಇಟ್ಟುಕೊಂಡರು. ಕ್ಷಮೆ ಕೇಳಬೇಕೆಂದು ನಾನು ಮನೆಯಿಂದಲೇ ಮಾತು ಕಟ್ಟಿಕೊಂಡು ಬಂದಿದ್ದೆ. ರಸ್ತೆ ನೋಡಿಕೊಂಡು ಹೇಳಿದರೆ ಅವರಿಗೆ ಕೇಳಿಸದು. ಅವರ ಕಡೆ ತಿರುಗಿ, ತುಟಿ ಕಾಣುವ ಹಾಗೆ, ಕೂಗಿ ಹೇಳಬೇಕು. ಕ್ಷಮೆಯನ್ನು ಕೂಗಿ ಹೇಳುವುದು ನನ್ನಿಂದಾಗಲಿಲ್ಲ.

ಮಾವ ಗಂಟುಗಳನ್ನು ಜೇಬಿಗೆ ಹಾಕಿಕೊಂಡರು. ಸೆಟ್ಟಿನ ದೀಪ ಉರಿಯುತ್ತಿದ್ದುದನ್ನು ಒಮ್ಮೆ ನೋಡಿದರು. ಆಮೇಲೆ ನಿಧಾನವಾಗಿ ಬಾಗಿಲ ಮೇಲೆ ಅಂಗೈಯಿಟ್ಟು ಕಣ್ಣು ಮುಚ್ಚಿದರು. ಕಾರು ಓಡುತ್ತಿತ್ತು, ಬಾಗಿಲು ಸಣ್ಣಗೆ ಅದುರುತ್ತಿತ್ತು.

"ಚಿಂತಾಮಣಿಯೋರು ಚೆನ್ನಾಗಿ ಮಾಡಿದಾರೆ ಕಣಮ್ಮ" ಎಂದರು. "ಈಗ ಹಾಡು ಚೆನ್ನಾಗಿ ಬರ್ತಾ ಅದೆ."

ಸದ್ದನ್ನು ನಾನು ಅವರ ಮನೆಯ ಮುಂದೆಯೇ ಪೂರ್ತಿ ಇಳಿಸಿದ್ದೆ. ಅವರ ಕಡೆ ತಿರುಗಿ, ತುಟಿ ಕಾಣುವ ಹಾಗೆ, ಹೌದು ಮಾವ ಎಂದೆ.