ಗಂಟಿಲ್ಲದ ಹೊಲಿಗೆ

ಮಾಲ್ಸುಕ್ ಅಕ್ಕನ ಕೈಹೊಲಿಗೆಯನ್ನು ನೋಡಿದವರು ಯಂತ್ರದ್ದು ಎಂದುಕೊಳ್ಳುತ್ತಿದ್ದರು. ಹಾಗೆಂದರೆ ಅವಳಿಗೆ ಸಿಟ್ಟು ನೆತ್ತಿಗೇರುತ್ತಿತ್ತು. "ಯಂತ್ರಕ್ಕೆ ಇಷ್ಟು ತಾಳ್ಮೆ ಎಲ್ಲಿಂದ ಬರ್ಬೇಕು?" ಎಂದು ಗಿರಾಕಿಯ ಮುಖಕ್ಕೇ ಹೇಳಿಬಿಡುತ್ತಿದ್ದಳು. ಗ್ವಾಂಗ್‌ಜಾಂಗ್ ಮಾರುಕಟ್ಟೆಯ ಮಹಡಿಯಲ್ಲಿ ಮೂವತ್ತೊಂದು ವರ್ಷ ಅವಳ ಪಕ್ಕ ಕೂತು ನಮ್ಮ ಸಾಂಪ್ರದಾಯಿಕ ಹಾನ್‌ಬೊಕ್ ಉಡುಪು ಹೊಲಿದವಳು ನಾನು. ಕೂಲಿಗಿಂತ ಬೈಗುಳವೇ ಹೆಚ್ಚು ಸಿಕ್ಕಿತು. ನೂಲಿನ ತುದಿಗೆ ನಾನು ಹಾಕಿದ ಗಂಟು ಸ್ವಲ್ಪ ಸಡಿಲವಾಗಿದ್ದರೂ ಇಡೀ ತೋಳನ್ನೇ ಬಿಚ್ಚಿ ನನ್ನ ಮಡಿಲಿಗೆ ಎಸೆಯುತ್ತಿದ್ದಳು. "ಯಾಂಗ್ರೆ, ಗಂಟು ಹಾಕಕ್ಕೆ ಬರ್ದೇ ಇರೋಳು ಸೂಜಿ ಯಾಕೇ ಹಿಡಿದೆ?"

ಅಂಥವಳು ಗಂಟು ಹಾಕದೆ ಹೊಲಿದದ್ದು ಎರಡೇ ಜೊತೆ. ಕೆಲವು ವರ್ಷಗಳ ಹಿಂದೆ ಅಧಿಕ ಮಾಸ ಬಂದಾಗ ತನಗೊಂದು, ಗಂಡ ಸಂಗ್‌ಬೊಕ್‌ಗೊಂದು ಸಾವಿನ ಬಟ್ಟೆ ಹೊಲಿದು ಮರದ ಪೆಟ್ಟಿಗೆಯಲ್ಲಿಟ್ಟಳು. ಆ ಮಾಸದಲ್ಲಿ ಹೊಲಿದಿಟ್ಟರೆ ಒಳ್ಳೆಯದೆಂದು ನಮ್ಮಲ್ಲಿ ನಂಬಿಕೆ. ಹಳದಿ ಸೆಣಬು, ಒಳಪದರವಿಲ್ಲ, ಬೆರಳು ಮುಚ್ಚುವಷ್ಟು ಉದ್ದದ ತೋಳು. ಆ ಬಟ್ಟೆಯ ನೂಲಿಗೆ ನಮ್ಮಲ್ಲಿ ಗಂಟು ಹಾಕುವುದಿಲ್ಲ. ಹೋಗುವವರನ್ನು ಇಲ್ಲಿಯ ಯಾವ ಗಂಟೂ ಹಿಡಿದಿಡಬಾರದು. ಹೊಲಿಗೆ ನಿಲ್ಲದಿದ್ದರೂ ನಡೆಯುತ್ತದೆ. ಅದನ್ನು ಉಟ್ಟವರು ಎದ್ದು ಓಡಾಡುವುದಿಲ್ಲವಲ್ಲ.

ಕಳೆದ ಶರತ್ಕಾಲದಲ್ಲಿ ಸಂಗ್‌ಬೊಕ್ ಭಾವ ತನ್ನದನ್ನು ಉಟ್ಟು ಹೋದ. ಅಕ್ಕನ ನೆನಪು ಅಷ್ಟರಲ್ಲಾಗಲೇ ಸೋರತೊಡಗಿತ್ತು. "ನಿನ್ನ ಭಾವ ಆನೆ ಹತ್ರ ಕಾಯ್ತಿದಾನೆ ಕಣೇ" ಎಂದು ದಿನಕ್ಕೆ ಹತ್ತು ಸಲ ಹೇಳುವಳು. ಅವರಿಬ್ಬರೂ ಮೊದಲ ಸಲ ಭೇಟಿಯಾದದ್ದು ಚಾಂಗ್‌ಗ್ಯೊಂಗ್ ಅರಮನೆಯಲ್ಲಿ, ಅದರೊಳಗೆ ಮೃಗಾಲಯವಿದ್ದ ಕಾಲದಲ್ಲಿ. ಆನೆಯನ್ನು ಅಲ್ಲಿಂದ ಸಾಗಿಸಿ ನಲವತ್ತು ವರ್ಷವಾಯಿತು. "ಕಾಯ್ಲಿ ಬಿಡಕ್ಕ, ಚಳಿ ಇಳೀಲಿ, ಹೋಗೋಣ" ಎನ್ನುತ್ತಿದ್ದೆ. ಅವಳಿಗೆ ಮಕ್ಕಳಿಲ್ಲ. ಓಣಿಯ ಎದುರು ಬದಿಯಲ್ಲಿ ನಾನೊಬ್ಬಳು.

ಆ ಬುಧವಾರ ಬೆಳಿಗ್ಗೆ ಗಂಜಿ ಹಿಡಿದು ಹೋದರೆ ಬಾಗಿಲು ಹಾರುಹೊಡೆದಿತ್ತು. ಹೊರಗೆ ಸೊನ್ನೆಗಿಂತ ಹನ್ನೊಂದು ಡಿಗ್ರಿ ಕೆಳಗಿನ ಒಣಚಳಿ. ಗೂಟದಲ್ಲಿ ಅವಳ ಬೂದು ಕೋಟು ಇರಲಿಲ್ಲ.

"ಏನ್ ಹಾಕ್ಕೊಂಡಿದ್ರು?" ಎಂದು ಪೊಲೀಸಿನವನು ಕೇಳಿದ.

"ಬೂದು ಕೋಟು, ನೇರಳೆ ಟೋಪಿ" ಎಂದೆ. ಒಂದು ಕ್ಷಣವೂ ಯೋಚಿಸಲಿಲ್ಲ. ಚಳಿಗಾಲವಿಡೀ ಅವಳು ಹಾಕುತ್ತಿದ್ದುದು ಅದೇ ತಾನೇ. ಸ್ವಲ್ಪ ಹೊತ್ತಿಗೆ ಪೊಲೀಸರ ಸಂದೇಶ ಬಂದು ಊರಿನ ಫೋನುಗಳೆಲ್ಲ ಒಟ್ಟಿಗೆ ಕಿರುಚಿದವು. ಮಾಲ್ಸುಕ್, ಎಪ್ಪತ್ತೆಂಟು ವರ್ಷ, ಬೂದು ಕೋಟು, ಕಾಣೆಯಾಗಿದ್ದಾರೆ. ಮೂಲೆಯಲ್ಲಿದ್ದ ಮರದ ಪೆಟ್ಟಿಗೆಯ ಮುಚ್ಚಳ ಎತ್ತಿ ನೋಡಬೇಕೆಂದು ನನಗೆ ಹೊಳೆಯಲೇ ಇಲ್ಲ. ನನ್ನ ತಲೆಗೆ ಬೆಂಕಿ ಬೀಳಲಿ.

ಆನೆಯಿದ್ದ ಅರಮನೆಗೇ ಹೊರಟಿರಬೇಕು ಎನ್ನಿಸಿತು. ಆದರೆ ಅವಳು ದಿನವೂ ಹತ್ತುತ್ತಿದ್ದ ಬಸ್ಸು ನಿಲ್ಲುವುದು ಅದಕ್ಕಿಂತ ಪಶ್ಚಿಮದ ಗ್ಯೊಂಗ್‌ಬೊಕ್ ಅರಮನೆಯ ಮುಂದೆ. ಅಲ್ಲಿಂದಲೇ ಹುಡುಕತೊಡಗಿದೆ. ಹೊರ ಅಂಗಳದ ಬೆಂಚಿನ ಮೇಲೆ ಕೋಟು ಸಿಕ್ಕಿತು. ತೋಳುಗಳನ್ನು ಒಳಗೆ ಸೇರಿಸಿ, ಅಂಗಡಿಯಲ್ಲಿ ಮಡಚುತ್ತಿದ್ದ ಹಾಗೆಯೇ ಮಡಚಿಟ್ಟಿದ್ದಳು. ಮೇಲೆ ಟೋಪಿ.

"ಬೂದು ಕೋಟಿನವರನ್ನೇ ಬೆಳಿಗ್ಗೆಯಿಂದ ಹುಡುಕ್ತಿದೀವಿ, ಸಿಕ್ಕಿಲ್ಲ" ಎಂದ ಬಾಗಿಲ ಕಾವಲಿನವನು. "ಹಾನ್‌ಬೊಕ್ ಹಾಕ್ಕೊಂಡಿದ್ದ ಅಜ್ಜಿ ಒಬ್ರು ಮಾತ್ರ ಬಂದಿದ್ರು. ಹಾನ್‌ಬೊಕ್ ಹಾಕಿದ್ರೆ ಟಿಕೆಟ್ ಇಲ್ವಲ್ಲ, ಬಿಟ್ವಿ."

"ಯಾವ ಬಣ್ಣ?"

"ಹಳದಿ ಥರ. ತೀರಾ ತೆಳ್ಳಗಿತ್ತು. ಇದೂ ಒಂದು ಫ್ಯಾಷನ್ ಇರ್ಬೇಕು ಅಂದ್ಕೊಂಡೆ."

ನನ್ನ ಜೀವ ಅಲ್ಲೇ ಅರ್ಧ ಹೋಯಿತು. ಪೊಲೀಸರಿಗೆ ಫೋನು ಮಾಡಿ, ಕೋಟಲ್ಲ, ಸಾವಿನ ಬಟ್ಟೆ ಎಂದು ಹೇಳಿದೆ.

ಒಳಗೆ ಬಾಡಿಗೆ ಹಾನ್‌ಬೊಕ್ ತೊಟ್ಟವರ ಜಾತ್ರೆ. ಜರಿ, ಮಿಂಚು, ಲಂಗದೊಳಗೆ ತಂತಿಯ ಬಳೆ. ಅಕ್ಕ ಕಂಡರೆ ಥೂ ಎನ್ನುತ್ತಿದ್ದ ಬಟ್ಟೆಗಳು. ಹಳದಿ ಬಟ್ಟೆಯ ಅಜ್ಜಿಯನ್ನು ಕಂಡಿರಾ ಎಂದು ಕೇಳಿದ್ದಕ್ಕೆ ಇಬ್ಬರು ಹುಡುಗಿಯರು ತಮ್ಮ ಫೋನು ತೋರಿಸಿದರು.

"ಈ ಅಜ್ಜಿನಾ? ಎಷ್ಟು ಕ್ಯೂಟ್ ಇದ್ರು ಗೊತ್ತಾ! ಆನೆ ಎಲ್ಲಿ ಅಂತ ಕೇಳಿದ್ರು. ತಮಾಷೆ ಮಾಡ್ತಿದಾರೆ ಅಂದ್ಕೊಂಡು ನಕ್ವಿ."

ಫೋಟೋದಲ್ಲಿ ಅವರಿಬ್ಬರ ನಡುವೆ ಅಕ್ಕ ತನ್ನ ಹೆಣದ ಬಟ್ಟೆಯಲ್ಲಿ ನಿಂತು ನಗುತ್ತಿದ್ದಳು. ತುಟಿ ನೀಲಿಯಾಗಿತ್ತು. ಫೋಟೋ ತೆಗೆದು ಎರಡು ಗಂಟೆಯಾಗಿತ್ತು. ಆ ಹುಡುಗಿಯರ ಕೆನ್ನೆಗೆ ಬಾರಿಸುವಷ್ಟು ಕೋಪ ಬಂತು. ಆದರೆ ಊರಿಗೆಲ್ಲ ಬೂದು ಕೋಟು ಹುಡುಕಲು ಹೇಳಿದವಳು ನಾನು.

ಆನೆಯಿದ್ದ ಅರಮನೆಯ ಕಡೆಗೆ, ಪೂರ್ವಕ್ಕೆ ನಡೆದೆ. ಎಪ್ಪತ್ತರ ಮಂಡಿ, ಓಡಲಾಗಲಿಲ್ಲ. ದಾರಿಯಲ್ಲಿ ಸಿಗುವ ಚಾಂಗ್‌ದೊಕ್ ಅರಮನೆಯ ಮೆಟ್ಟಿಲ ಸಂದಿಯಲ್ಲಿ ಗೇಣುದ್ದ ಹಳದಿ ನೂಲು ಸಿಕ್ಕಿಕೊಂಡಿತ್ತು. ನೂಲಿನ ಎರಡು ತುದಿಯಲ್ಲೂ ಗಂಟಿರಲಿಲ್ಲ. ಅಲ್ಲಿಂದ ಒಳಬಾಗಿಲು ದಾಟಿದರೆ ಚಾಂಗ್‌ಗ್ಯೊಂಗ್.

ಹೆಪ್ಪುಗಟ್ಟಿದ ಕೊಳದ ಪಕ್ಕದ ಬೆಂಚಿನಲ್ಲಿ ಕೂತಿದ್ದಳು. ಕಂಕುಳಿನಿಂದ ಸೊಂಟದವರೆಗೆ ಹೊಲಿಗೆ ಬಿಟ್ಟಿತ್ತು. ಒಂದು ತೋಳು ಜೋತಾಡುತ್ತಿತ್ತು. ನಡುಕವೂ ನಿಂತುಹೋಗಿತ್ತು. ಕೋಟು ಹೊದಿಸಲು ಹೋದರೆ ತಳ್ಳಿದಳು.

"ಯಾಂಗ್ರೆ, ಇದು ನಿನ್ ಕೆಲ್ಸಾನೇ ತಾನೇ? ನೋಡಿಲ್ಲಿ, ಎಲ್ಲಾ ಬಿಚ್ಕೊಂಡಿದೆ. ಗಂಟೇ ಹಾಕಿಲ್ವಲ್ಲೇ!"

"ಮರ್ತೆ ಅಕ್ಕ. ತಪ್ಪಾಯ್ತು."

"ಈ ಅವತಾರದಲ್ಲಿ ಅವನ ಮುಂದೆ ಹೆಂಗೆ ನಿಲ್ಲಲಿ? ಬೇಗ ಹೊಲಿ. ಗಂಟು ಬಿಗಿಯಾಗಿ ಹಾಕು."

ಹೊಲಿದಲ್ಲದೆ ಕೋಟು ಮುಟ್ಟುವವಳಲ್ಲ. ಆಂಬ್ಯುಲೆನ್ಸಿಗೆ ಹೇಳಿ, ನನ್ನ ಕಾಲರಿನ ಅಡಿ ನೂಲಿನ ಸಮೇತ ಚುಚ್ಚಿಟ್ಟಿದ್ದ ಸೂಜಿ ತೆಗೆದೆ. ಮರಗಟ್ಟಿದ ಬೆರಳಿನಲ್ಲಿ ಅಳುತ್ತಾ ದೂರದೂರಕ್ಕೆ ಎಂಟು ಹೊಲಿಗೆ ಹಾಕಿದೆ. ತುದಿಗೆ ಗಂಟು ಬಿಗಿದೆ. ಅವಳು ಬಗ್ಗಿ ನೋಡಿದಳು. ಅದರ ಮೇಲೆ ಹೆಬ್ಬೆರಳು ಆಡಿಸಿದಳು.

"ಈಗ ಕಲಿತೆ ನೋಡು" ಎಂದಳು. ಅದೇ ಅವಳ ಕೊನೆಯ ಮಾತು.

ಮೂರನೆಯ ದಿನ ಆಸ್ಪತ್ರೆಯಲ್ಲಿ ಹೋದಳು. ಅದೇ ಬಟ್ಟೆ ತಂದು ಅವಳಿಗೆ ಉಡಿಸಿದ ಮೇಲೆ ನನ್ನ ಗಂಟು ಕಣ್ಣಿಗೆ ಬಿತ್ತು. ಗಂಟಿಟ್ಟು ಕಳಿಸುವ ಹಾಗಿಲ್ಲ. ಬಿಚ್ಚಲು ಕೂತೆ. ಜೀವಮಾನದಲ್ಲಿ ನಾನು ಅಷ್ಟು ಬಿಗಿಯಾದ ಗಂಟು ಹಾಕಿದವಳಲ್ಲ. ಉಗುರಿಗೆ ಜಗ್ಗಲಿಲ್ಲ, ಸೂಜಿಗೆ ಸಡಿಲಲಿಲ್ಲ. ಕಡೆಗೆ ಅವಳ ತಣ್ಣನೆಯ ಪಕ್ಕೆಯ ಹತ್ತಿರ ಬಗ್ಗಿ, ಹಲ್ಲಿನಿಂದ ಕಚ್ಚಿ ಕಿತ್ತೆ.